ಕಣ್ಣು ನೆಗೆದರೂ ಲೋಕ ಕದಲದು ಏಕೆ?

ಬೆಳಗಾವಿಯಿಂದ ಖಾನಾಪುರಕ್ಕೆ ರೈಲಿನಲ್ಲಿ ಹೊರಟವರು ದೇಸೂರು, ಇದಲಹೊಂಡ ದಾಟುವಾಗ ಎದುರು ಕುಳಿತ ಸಹಪ್ರಯಾಣಿಕರ ಕಣ್ಣುಗಳನ್ನು ಗಮನಿಸಬಹುದು. ಕಿಟಕಿಯಾಚೆ ನೋಡುವ ಆ ಕಣ್ಣುಗಳು ಹಿಂದಕ್ಕೆ ಸರಿಯುವ ಒಂದು ಕಂಬವನ್ನೋ ಮರವನ್ನೋ ನಿಧಾನವಾಗಿ ಹಿಂಬಾಲಿಸುತ್ತವೆ. ಮರುಕ್ಷಣವೇ ಥಟ್ಟನೆ ಮುಂದಕ್ಕೆ ನೆಗೆದು ಮತ್ತೊಂದನ್ನು ಹಿಡಿಯುತ್ತವೆ. ವೈದ್ಯರು ಇದನ್ನು 'ರೈಲ್ವೆ ನಿಸ್ಟಾಗ್ಮಸ್' ಎಂದೂ ಕರೆದಿದ್ದಾರೆ. ಆದರೆ ನೋಡುತ್ತಿರುವವರಿಗೆ ತಮ್ಮ ಕಣ್ಣು ಹೀಗೆ ನೆಗೆಯುತ್ತಿರುವ ಅರಿವೇ ಇರುವುದಿಲ್ಲ. ಕಣ್ಣು ಇಷ್ಟೊಂದು ಚಲಿಸಿದರೂ ಕಾಣುವ ಲೋಕ ಸ್ಥಿರವಾಗಿರುವುದು ಹೇಗೆ?

ನೆಗೆಯುವ ನೋಟ

ಕಣ್ಣಿನೊಳಗಿನ ಅಕ್ಷಿಪಟಲದಲ್ಲಿ ಅತಿ ಸ್ಪಷ್ಟವಾಗಿ ನೋಡಬಲ್ಲ ಭಾಗ ಬಹಳ ಚಿಕ್ಕದು. ಚಾಚಿದ ಕೈಯ ಹೆಬ್ಬೆರಳಿನ ಉಗುರು ಆವರಿಸುವಷ್ಟು ಜಾಗ ಮಾತ್ರ ಅದಕ್ಕೆ ನಿಚ್ಚಳವಾಗಿ ಕಾಣುತ್ತದೆ. ಆದ್ದರಿಂದ ಕಣ್ಣು ಒಂದೆಡೆಯಿಂದ ಮತ್ತೊಂದೆಡೆಗೆ ನೆಗೆಯುತ್ತಲೇ ಇರಬೇಕಾಗುತ್ತದೆ. ಈ ನೆಗೆತಕ್ಕೆ 'ಸ್ಯಾಕೇಡ್' ಎಂದು ಹೆಸರು. ಎಚ್ಚರವಿರುವಾಗ ಸೆಕೆಂಡಿಗೆ ಸುಮಾರು 3ರಂತೆ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ನೆಗೆತಗಳು ನಡೆಯುತ್ತವೆ. ಓದುವಾಗಿನ ಒಂದು ನೆಗೆತಕ್ಕೆ ಬೇಕಾದ ಕಾಲ ಸುಮಾರು 30 ಮಿಲಿಸೆಕೆಂಡು. ಖಡೇಬಜಾರಿನ ಅಂಗಡಿಗಳ ನಾಮಫಲಕಗಳನ್ನು ಓದುತ್ತ ನಡೆಯುವವರ ಕಣ್ಣು ಮಾಡುವುದೂ ಇದನ್ನೇ.

ಪ್ರತಿ ನೆಗೆತದಲ್ಲೂ ಅಕ್ಷಿಪಟಲದ ಮೇಲಿನ ಚಿತ್ರ ಪೂರ್ತಿ ಸರಿಯುತ್ತದೆ. ಕೈಯಲ್ಲಿ ಹಿಡಿದ ಕ್ಯಾಮೆರಾವನ್ನು ಹೀಗೆ ಅತ್ತಿತ್ತ ಎಳೆದಾಡಿ ತೆಗೆದ ದೃಶ್ಯ ನೋಡಿದರೆ ತಲೆ ಸುತ್ತುತ್ತದೆ. ನಮ್ಮ ನೋಟದಲ್ಲಿ ಹಾಗಾಗುವುದಿಲ್ಲ.

ಆಜ್ಞೆಯ ನಕಲು ಪ್ರತಿ

ಇದರ ಕಾರಣವನ್ನು ಸರಳ ಪ್ರಯೋಗವೊಂದು ತೋರಿಸುತ್ತದೆ. ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನ ಹೊರಮೂಲೆಯಲ್ಲಿ ರೆಪ್ಪೆಯ ಮೇಲಿಂದ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಇಡೀ ದೃಶ್ಯ ಅಲುಗುತ್ತದೆ. (ಕಣ್ಣಿನ ಕಾಯಿಲೆ ಇರುವವರು, ಶಸ್ತ್ರಚಿಕಿತ್ಸೆಯಾದವರು ಇದನ್ನು ಮಾಡಬಾರದು.) ಅದೇ ಕಣ್ಣನ್ನು ನಾವಾಗಿ ಹೊರಳಿಸಿದರೆ ಏನೂ ಅಲುಗುವುದಿಲ್ಲ. ಎರಡರಲ್ಲೂ ಚಿತ್ರ ಸರಿಯುತ್ತದೆ; ವ್ಯತ್ಯಾಸವಿರುವುದು ಆಜ್ಞೆಯಲ್ಲಿ. ಮೆದುಳು ಕಣ್ಣಿನ ಸ್ನಾಯುಗಳಿಗೆ ಆಜ್ಞೆ ಕಳುಹಿಸುವಾಗಲೇ ಅದರ ನಕಲು ಪ್ರತಿಯೊಂದನ್ನು ತನ್ನ ದೃಷ್ಟಿಭಾಗಗಳಿಗೂ ರವಾನಿಸುತ್ತದೆ. ಚಿತ್ರ ಸರಿಯಲಿರುವುದು ಅವುಗಳಿಗೆ ಮೊದಲೇ ತಿಳಿದಿರುವುದರಿಂದ ಆ ಚಲನೆ ಲೋಕದ್ದಲ್ಲ, ಕಣ್ಣಿನದು ಎಂದು ಲೆಕ್ಕಕ್ಕೆ ಸೇರುತ್ತದೆ. ಬೆರಳಿನ ಒತ್ತಡಕ್ಕೆ ಅಂಥ ಆಜ್ಞೆಯಿಲ್ಲ.

ಈ ವಿಚಾರವನ್ನು 19ನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಚರ್ಚಿಸಿದ್ದರು. 1950ರಲ್ಲಿ ಎರಿಕ್ ಫಾನ್ ಹೋಲ್ಸ್ಟ್ ಮತ್ತು ಹೋರ್ಸ್ಟ್ ಮಿಟಲ್‌ಸ್ಟೆಟ್, ಪ್ರತ್ಯೇಕವಾಗಿ ಅಮೆರಿಕದ ರೋಜರ್ ಸ್ಪೆರಿ, ಇದಕ್ಕೆ ಸ್ಪಷ್ಟ ರೂಪ ಕೊಟ್ಟರು. ಮಂಗಗಳಲ್ಲಿ ಕೆಲವು ನರಕೋಶಗಳು ಕಣ್ಣು ನೆಗೆಯುವ ಮೊದಲೇ, ನೆಗೆದ ಬಳಿಕ ತಮ್ಮ ಪಾಲಿಗೆ ಬರಲಿರುವ ವಸ್ತುವಿಗೆ ಸ್ಪಂದಿಸುತ್ತವೆಂಬುದನ್ನು 1992ರಲ್ಲಿ ಡುಹಮೆಲ್, ಕೋಲ್ಬಿ ಮತ್ತು ಗೋಲ್ಡ್‌ಬರ್ಗ್ ತೋರಿಸಿದರು. ನಕಲು ಪ್ರತಿ ಮಧ್ಯಮೆದುಳಿನಿಂದ ಥಲಾಮಸ್ ಮೂಲಕ ಮುಂಮೆದುಳಿಗೆ ಸಾಗುವ ದಾರಿಯನ್ನು 2002ರಲ್ಲಿ ಸಾಮರ್ ಮತ್ತು ವುರ್ಟ್ಸ್ ಗುರುತಿಸಿದರು. ಮೆದುಳು ಕಣ್ಣಿನ ನೆಗೆತಗಳನ್ನು ಯೋಜಿಸುವ ಬಗೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆದಿತ್ಯ ಮೂರ್ತಿ ಅವರ ತಂಡವೂ ಅಧ್ಯಯನ ಮಾಡಿದೆ.

ಮಸುಕು ಕಾಣದಿರಲು ಕಾರಣ

ಕನ್ನಡಿಯ ಮುಂದೆ ನಿಂತು ಎಡಗಣ್ಣಿನಿಂದ ಬಲಗಣ್ಣಿಗೆ ದೃಷ್ಟಿ ಹೊರಳಿಸಿದರೆ ನಮ್ಮ ಕಣ್ಣು ಚಲಿಸಿದ್ದು ನಮಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ. ನೆಗೆತದ ಸಮಯದಲ್ಲಿ ಮೆದುಳು ಚಲನೆಯನ್ನು ಗ್ರಹಿಸುವ ಶಕ್ತಿಯನ್ನು ತಗ್ಗಿಸುತ್ತದೆ. ನೆಗೆತದ ಹಿಂದುಮುಂದಿನ ಸ್ಪಷ್ಟ ಚಿತ್ರಗಳೂ ನಡುವಿನ ಮಸುಕನ್ನು ಮರೆಮಾಡುತ್ತವೆ.

ಹಾಗೆಂದು ಆ ಕ್ಷಣದಲ್ಲಿ ಪೂರ್ಣ ಕುರುಡು ಕವಿಯುವುದಿಲ್ಲ. ಓಡುವ ರೈಲಿನಿಂದ ಪಕ್ಕದ ಹಳಿಯನ್ನು ನೋಡಿದರೆ ಅದರಡಿಯ ಸ್ಲೀಪರ್‌ಗಳು ಒಂದಕ್ಕೊಂದು ಕಲೆತು ಮಸುಕಾಗಿರುತ್ತವೆ. ದೃಷ್ಟಿಯನ್ನು ಥಟ್ಟನೆ ಹಿಂದಕ್ಕೆ, ಅಂದರೆ ಅವು ಸರಿಯುವ ದಿಕ್ಕಿಗೇ ಹೊರಳಿಸಿದರೆ, ಒಂದು ಕ್ಷಣ ಅವು ಬಿಡಿಬಿಡಿಯಾಗಿ ಕಂಡು ಮಾಯವಾಗುತ್ತವೆ. ಕಣ್ಣಿನ ವೇಗ ಮತ್ತು ಸ್ಲೀಪರ್‌ಗಳ ವೇಗ ಸರಿಹೊಂದಿದಾಗ ಚಿತ್ರ ಅಕ್ಷಿಪಟಲದ ಮೇಲೆ ನಿಲ್ಲುವುದೇ ಇದಕ್ಕೆ ಕಾರಣ.

ಒಳಕಿವಿಯ ನೆರವು

ತಲೆ ಅಲುಗಿದಾಗ ನೆರವಿಗೆ ಬರುವುದು ಒಳಕಿವಿ. ಅಲ್ಲಿನ ಅರ್ಧವರ್ತುಲಾಕಾರದ ನಾಳಗಳು ತಲೆಯ ತಿರುವನ್ನು ಅಳೆಯುತ್ತವೆ; ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣು ವಿರುದ್ಧ ದಿಕ್ಕಿಗೆ ಅಷ್ಟೇ ತಿರುಗುತ್ತದೆ. ಪತ್ರಿಕೆಯನ್ನು ಸ್ಥಿರವಾಗಿ ಹಿಡಿದು ತಲೆಯನ್ನು ಬೇಗಬೇಗ ಅಲ್ಲಾಡಿಸಿದರೂ ಓದಬಹುದು. ತಲೆಯನ್ನು ಸ್ಥಿರವಾಗಿಟ್ಟು ಪತ್ರಿಕೆಯನ್ನು ಅದೇ ವೇಗದಲ್ಲಿ ಅಲ್ಲಾಡಿಸಿದರೆ ಅಕ್ಷರ ಕಲಸಿಹೋಗುತ್ತದೆ. ಕುಲುಕುವ ಬಸ್ಸಿನಲ್ಲೂ ಊರಿನ ಫಲಕ ಓದಲು ಸಾಧ್ಯವಾಗುವುದು ಒಳಕಿವಿಯಿಂದಲೇ.

ವ್ಯವಸ್ಥೆ ಕೆಟ್ಟಾಗ

ಇದು ಕೆಟ್ಟರೆ ಏನಾಗುತ್ತದೆಂಬುದನ್ನು ಅಮೆರಿಕದ ವೈದ್ಯರೊಬ್ಬರು 1952ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ತಮ್ಮ ಅನುಭವದಿಂದಲೇ ವಿವರಿಸಿದರು. ಕ್ಷಯಕ್ಕೆ ಪಡೆದ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಅವರ ಒಳಕಿವಿಯನ್ನು ಹಾಳುಮಾಡಿತ್ತು. ಓದಬೇಕಾದರೆ ಮಂಚದ ಕಂಬಿಗಳ ನಡುವೆ ತಲೆಯನ್ನು ಒತ್ತಿಹಿಡಿಯಬೇಕಿತ್ತು. ನಡೆಯುವಾಗ ಎದುರು ಬಂದವರ ಮುಖ ಗುರುತಾಗುತ್ತಿರಲಿಲ್ಲ. ದೃಶ್ಯವೇ ಕುಲುಕುವ ಈ ತೊಂದರೆಗೆ 'ಆಸಿಲಾಪ್ಸಿಯಾ' ಎಂದು ಹೆಸರು. ಜೆಂಟಾಮೈಸಿನ್ ಔಷಧಿಯಿಂದಲೂ ಇದು ಬರಬಹುದು. ಇಂಥ ಚುಚ್ಚುಮದ್ದು ಪಡೆಯುವಾಗ ನಡಿಗೆ ತಪ್ಪಿದರೆ ಅಥವಾ ದೃಶ್ಯ ಕುಲುಕಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಚಿಕಿತ್ಸೆಯನ್ನು ತಾವಾಗಿಯೇ ನಿಲ್ಲಿಸಬಾರದು.

ದೃಶ್ಯ ಹಠಾತ್ತನೆ ಕುಲುಕತೊಡಗಿ, ಜೊತೆಗೆ ವಸ್ತುಗಳು ಎರಡಾಗಿ ಕಂಡರೆ, ಮಾತು ತೊದಲಿದರೆ ಅಥವಾ ಕೈಕಾಲು ಸೋತರೆ ಅದು ಮೆದುಳಿನ ಆಘಾತದ ಲಕ್ಷಣವಿರಬಹುದು. ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ರಸ್ತೆಯಲ್ಲಿ ಎಚ್ಚರ

ಆರೋಗ್ಯವಂತರಿಗೂ ಇಲ್ಲೊಂದು ಪಾಠವಿದೆ. ಸ್ಥಿರವಾಗಿ, ತುಂಬಿಕೊಂಡಂತೆ ಕಾಣುವ ದೃಶ್ಯ ಮೆದುಳು ಜೋಡಿಸಿಕೊಟ್ಟದ್ದು. ನೋಟ ನೆಗೆದು ದಾಟಿದ ಜಾಗದಲ್ಲಿದ್ದ ವಾಹನ ಗಮನಕ್ಕೆ ಬಾರದೆ ಉಳಿಯಬಹುದು. ಬೆಳಗಾವಿ–ಖಾನಾಪುರ ಹೆದ್ದಾರಿಯನ್ನು ಅಡ್ಡರಸ್ತೆಯಿಂದ ಸೇರುವ ಸವಾರರು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಕಣ್ಣು ಹಾಯಿಸಿದರೆ ಸಾಲದು. ವಾಹನ ನಿಲ್ಲಿಸಿ, ಹತ್ತಿರ, ನಡು ಮತ್ತು ದೂರದಲ್ಲಿ ಕ್ಷಣಕಾಲ ನೋಟ ನಿಲ್ಲಿಸಿ, ಎರಡೂ ಕಡೆ ಮತ್ತೊಮ್ಮೆ ನೋಡಿದ ಬಳಿಕವೇ ಮುಂದುವರಿಯುವುದು ಕ್ಷೇಮ.