ಡ್ಯಾನ್ಯೂಬ್ ತೀರದ ಮೀನುಸಾರಿನ ಜನೋತ್ಸವ: ಹೊಸ ಆಚರಣೆಯ ಹಳೆಯ ಬೇರುಗಳು

ಆಚರಣೆಯೊಂದು ಎಷ್ಟು ಹಳೆಯದು ಎಂಬ ಪ್ರಶ್ನೆಗೆ ಜಾನಪದ ಅಧ್ಯಯನದಲ್ಲಿ ನಾವು ಕೊಡುತ್ತ ಬಂದಿರುವ ಮಹತ್ವ ಕೆಲವೊಮ್ಮೆ ಮಿತಿಮೀರಿದುದು. ಸಂಶೋಧನಾ ವಿದ್ಯಾರ್ಥಿಯಾಗಿ ಕರಾವಳಿಯ ಊರುಗಳಲ್ಲಿ ಕ್ಷೇತ್ರಕಾರ್ಯ ನಡೆಸುತ್ತಿದ್ದಾಗ, ‘ಇದು ಈಚೆಗೆ ಶುರುವಾದದ್ದು’ ಎಂದು ವಕ್ತೃಗಳು ಹೇಳಿದೊಡನೆ ನಾನು ಟಿಪ್ಪಣಿ ಪುಸ್ತಕ ಮುಚ್ಚಿದ್ದುಂಟು. ಹಾಗೆ ಮುಚ್ಚಿದ್ದು ಸರಿಯೇ ಎಂಬ ಅನುಮಾನವನ್ನು ನನ್ನಲ್ಲಿ ಹುಟ್ಟಿಸಿದ್ದು ಹಂಗೆರಿ ದೇಶದ ಬಯಾ ಎಂಬ ಪಟ್ಟಣದಲ್ಲಿ ನಡೆಯುವ ಮೀನುಸಾರಿನ ಹಬ್ಬದ ಇತಿಹಾಸ. ಈ ಹಬ್ಬ ಆರಂಭವಾದದ್ದು 1996ರಲ್ಲಿ. ವಯಸ್ಸನ್ನೇ ಮಾನದಂಡವಾಗಿ ಹಿಡಿದರೆ ಇದು ನಮ್ಮ ಶಾಸ್ತ್ರದ ಹೊಸ್ತಿಲನ್ನೂ ದಾಟಲಾರದು.

ಬಯಾ ಪಟ್ಟಣವಿರುವುದು ದಕ್ಷಿಣ ಹಂಗೆರಿಯಲ್ಲಿ, ಡ್ಯಾನ್ಯೂಬ್ ನದಿಯ ಎಡದಂಡೆಯಲ್ಲಿ. ನದಿಯಿಂದ ಕವಲೊಡೆದ ಶುಗೊವಿತ್ಸಾ ಎಂಬ ಹರಿವು ಊರನ್ನು ತಾಗಿಕೊಂಡೇ ಸಾಗುತ್ತದೆ; ಪವಿತ್ರ ತ್ರಿತ್ವದ ಹೆಸರಿನ ಊರಿನ ಮುಖ್ಯ ಚೌಕದ ಒಂದು ಬದಿ ಆ ನೀರಿಗೇ ತೆರೆದುಕೊಂಡಿದೆ. ಜುಲೈ ತಿಂಗಳ ಎರಡನೆಯ ಶನಿವಾರ ಈ ಚೌಕದಲ್ಲೂ ಸುತ್ತಣ ದಂಡೆಯಲ್ಲೂ ಸುಮಾರು 2,000 ಕೊಳದಪ್ಪಲೆಗಳು ಒಲೆಯೇರುವುದು ರೂಢಿಯಾಗಿದೆ. ತೀರ್ಪುಗಾರರ ಮುಂದೆ ತಮ್ಮ ಸಾರನ್ನಿಟ್ಟು ಸ್ಪರ್ಧಿಸುವವರಿದ್ದಾರೆ. ಆದರೆ ಹೆಚ್ಚಿನವರು ಬೇಯಿಸುವುದು ತಮ್ಮ ಮನೆಯವರಿಗೆ, ನೆಂಟರಿಗೆ, ಜೊತೆಯಲ್ಲಿ ದುಡಿಯುವವರಿಗೆ. ಒಂದೊಂದು ಪಾತ್ರೆಯ ಸುತ್ತ ಒಂದೊಂದು ಕುಟುಂಬ ಮೇಜು ಹಾಕಿ ಕೂರುತ್ತದೆ. ಹಬ್ಬವನ್ನು ಕರೆಯಲು ಬಳಸುವ ‘ನೇಪ್‌ಯುನ್ನೆಪೇಯ್’ ಎಂಬ ಹಂಗೆರಿಯನ್ ಪದದ ಮೊದಲ ಭಾಗಕ್ಕೆ ‘ಜನ’ ಎಂದೇ ಅರ್ಥ. ‘ಜನೋತ್ಸವ’ ಎಂದು ನಾನು ಅನುವಾದಿಸಿಕೊಂಡಿರುವುದು ಅದರಿಂದಲೇ.

1996ನೆಯ ಇಸವಿಯ ಆಯ್ಕೆ ಆಕಸ್ಮಿಕವಲ್ಲ. ಚಕ್ರವರ್ತಿ ಮೊದಲನೆಯ ಲಿಯೋಪೋಲ್ಡ್ 1696ರಲ್ಲಿ ಬಯಾ ಊರಿಗೆ ಪೇಟೆಯ ಸ್ಥಾನಮಾನ ನೀಡಿದ ಸನದಿಗೆ ಆ ವರ್ಷ 300 ತುಂಬಿತು. ಆಗಷ್ಟೇ ತುರ್ಕರ ಆಳ್ವಿಕೆ ಕಳೆದಿದ್ದ ಆ ಪ್ರದೇಶದಲ್ಲಿ ಮಗ್ಯಾರರು, ಜರ್ಮನರು, ಬುನ್ಯೆವ್ ಎಂಬ ದಕ್ಷಿಣ ಸ್ಲಾವರು, ಸರ್ಬರು, ಯಹೂದಿಗಳು ಒಂದೇ ಪೇಟೆಯಲ್ಲಿ ನೆಲೆಸುತ್ತ ಬಂದರು. ಸನದಿಗೂ ಮೀನಿಗೂ ನೇರ ಸಂಬಂಧವಿಲ್ಲ. ನದಿಯನ್ನು ನೆಚ್ಚಿದವರ ಹಳೆಯ ಆಚರಣೆಯೇ ಬೇಕಿದ್ದರೆ ಅದೂ ಊರಿನಲ್ಲಿತ್ತು: ದೋಣಿಕಾರರು, ಮೀನುಗಾರರು, ನೀರುಗಿರಣಿಯವರು ತಮ್ಮ ರಕ್ಷಕನೆಂದು ನಂಬುವ ಸಂತ ಜಾನ್ ನೆಪೊಮುಕನ ಪ್ರತಿಮೆಯನ್ನು ಮೇ ತಿಂಗಳ ನಡುವಿನ ಒಂದು ಸಂಜೆ ದೀಪ ಹಚ್ಚಿದ ದೋಣಿಯಲ್ಲಿ ಶುಗೊವಿತ್ಸಾದ ಮೇಲೆ ತೇಲಿಬಿಡುವ ಸಂಪ್ರದಾಯ ಅದು. 1996ರಲ್ಲಿ ಹಬ್ಬ ಹೂಡಿದವರು ಅದಕ್ಕೆ ಹೊಸದನ್ನು ಜೋಡಿಸದೆ ಪುರಸಭೆಯ ಜಯಂತಿಯನ್ನೇ ನೆಪವಾಗಿಸಿಕೊಂಡರು. ಎರಿಕ್ ಹಾಬ್ಸ್‌ಬಾಮ್ ಮತ್ತು ಟೆರೆನ್ಸ್ ರೇಂಜರ್ 1983ರ ತಮ್ಮ ಪ್ರಸಿದ್ಧ ಸಂಪಾದಿತ ಗ್ರಂಥದಲ್ಲಿ ‘ಸೃಷ್ಟಿಸಿಕೊಂಡ ಪರಂಪರೆ’ ಎಂದು ಹೆಸರಿಟ್ಟದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ ಎನಿಸುತ್ತದೆ.

ಆದರೆ ಪಾತ್ರೆಯೊಳಗೆ ನೋಡಿದರೆ ಈ ಮಾತು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಸಾರಿನ ಹೆಸರು ‘ಹಲಾಸ್‌ಲೇ’. ‘ಹಲಾಸ್’ ಎಂದರೆ ಮೀನುಗಾರ, ‘ಲೇ’ ಎಂದರೆ ರಸ. ಅಂದರೆ ಇದು ಮೀನಿನ ಸಾರು ಎನ್ನುವುದಕ್ಕಿಂತ ಮೀನುಗಾರನ ಸಾರು. ಬೇಯಿಸುವ ಪಾತ್ರೆ ‘ಬೊಗ್ರಾಚ್’. ಇದು ತುರ್ಕಿ ಭಾಷೆಯ ‘ಬಕ್ರಾಚ್’ನಿಂದ ಬಂದ ಪದ. ತುರ್ಕರು ಹೋದರು, ಅವರ ಕೊಳದಪ್ಪಲೆ ಉಳಿಯಿತು. ಒಂದು ಕಿಲೋ ಮೀನಿಗೆ ಸುಮಾರಾಗಿ ಒಂದು ಲೀಟರ್ ನೀರು, ಒಂದು ದೊಡ್ಡ ಈರುಳ್ಳಿ, ಒಂದು ದೊಡ್ಡ ಚಮಚ ಕೆಂಪು ಮೆಣಸಿನ ಪುಡಿ ಎಂಬುದು ಬಯಾದವರ ಲೆಕ್ಕ. ಮೀನು ಹೆಚ್ಚಾಗಿ ಗೆಂಡೆ, ಅಂದರೆ ನಮ್ಮ ಕೆರೆಗಳಿಗೂ ಬಿಡಲಾಗಿರುವ ಸಾಮಾನ್ಯ ಗೆಂಡೆಯೇ. ಅದನ್ನು ಕುದುರೆಲಾಳದ ಆಕಾರದ ಹೋಳುಗಳಾಗಿ ಕತ್ತರಿಸಿ ಉಪ್ಪು ಹಚ್ಚಿಡುತ್ತಾರೆ. ಎಣ್ಣೆಯ ಒಗ್ಗರಣೆಯಿಲ್ಲ. ಸಣ್ಣಗೆ ಹೆಚ್ಚಿದ ಈರುಳ್ಳಿ, ಮೀನು, ತಣ್ಣೀರು ಒಟ್ಟಿಗೇ ಒಲೆಯೇರುತ್ತವೆ. ಕುದಿ ಬಂದು ನೊರೆ ಏಳುವಾಗ ಮೆಣಸಿನ ಪುಡಿ ಬೀಳುತ್ತದೆ. ಅಲ್ಲಿಂದ ಮುಂದೆ ಈರುಳ್ಳಿ ಕರಗಿ ರಸದಲ್ಲಿ ಲೀನವಾಗುವವರೆಗೂ ಸೌದೆಯ ಉರಿ ಜೋರಾಗಿಯೇ ಇರಬೇಕು. ಸೌಟು ಹಾಕುವುದು ಮಾತ್ರ ನಿಷಿದ್ಧ. ಹಿಡಿಯಿಂದ ಪಾತ್ರೆಯನ್ನೇ ಅತ್ತಿತ್ತ ತಿರುಗಿಸಬೇಕು, ಇಲ್ಲವಾದರೆ ಮೀನು ಪುಡಿಯಾಗುತ್ತದೆ. ಕರಾವಳಿಯ ಓದುಗರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಮೀನು ಹಾಕಿದ ಮೇಲೆ ಸೌಟು ಮುಟ್ಟದೆ ಮಣ್ಣಿನ ಪಾತ್ರೆಯ ಕಂಠ ಹಿಡಿದು ಮೆಲ್ಲನೆ ಆಡಿಸುವುದನ್ನು ನಮ್ಮ ಅಡುಗೆಮನೆಗಳಲ್ಲೂ ಕಲಿಸಿಕೊಡುತ್ತಾರೆ. ಎರಡೂ ಕಡೆ ಈ ಜ್ಞಾನ ಇರುವುದು ಮಣಿಕಟ್ಟಿನಲ್ಲಿ. ನೋಡಿ ಕಲಿಯಬೇಕೇ ಹೊರತು ಬರೆದಿಟ್ಟು ದಾಟಿಸುವುದು ಕಷ್ಟ. ವ್ಯತ್ಯಾಸವೊಂದಿದೆ. ನಮ್ಮಲ್ಲಿ ಇದು ಹೆಂಗಸರ ವಿದ್ಯೆ. ಬಯಲಿನಲ್ಲಿ ಬೊಗ್ರಾಚ್ ಏರಿಸುವುದು ಹಂಗೆರಿಯಲ್ಲಿ ಸಂಪ್ರದಾಯವಾಗಿ ಗಂಡಸರ ಕೆಲಸ, ದಡದಲ್ಲೇ ಅಡುಗೆ ಮಾಡಿಕೊಳ್ಳುತ್ತಿದ್ದ ಮೀನುಗಾರರಿಂದ ಬಂದದ್ದು.

ಈ ಸಾರಿನ ಕೆಂಪು ಬಣ್ಣಕ್ಕೂ ಒಂದು ಇತಿಹಾಸವಿದೆ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಅದು ಪೋರ್ಚುಗೀಸರ ಮೂಲಕ ನಮ್ಮ ಪಶ್ಚಿಮ ಕರಾವಳಿಗೆ ಬಂದ 16ನೆಯ ಶತಮಾನದಲ್ಲೇ ಹಂಗೆರಿಯನ್ನೂ ಮುಟ್ಟಿತು. ಆದರೆ ಅಲ್ಲಿನ ರೈತರ ನಿತ್ಯದ ಊಟಕ್ಕೆ ಇಳಿದದ್ದು 18ನೆಯ ಶತಮಾನದ ಹೊತ್ತಿಗೆ. ಹಾಗಾಗಿ ಇಂದಿನ ರೂಪದ ಸಾರು ‘ಅನಾದಿಕಾಲದ್ದು’ ಎನ್ನುವಂತಿಲ್ಲ. ನಾವು ಆ ಹೊಸ ಕಾಯಿಗೆ ಹಳೆಯ ಕಾಳುಮೆಣಸಿನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಎಂದೆವು. ಹಂಗೆರಿಯನ್ನರ ‘ಪಪ್ರಿಕಾ’ ಕೂಡ ದಕ್ಷಿಣ ಸ್ಲಾವ್ ಭಾಷೆಗಳ ಕಾಳುಮೆಣಸಿನ ಪದದಿಂದಲೇ ಹುಟ್ಟಿದ್ದು. ಆ ಪದದ ಹಿಂದಿರುವ ಲ್ಯಾಟಿನ್ನಿನ ‘ಪೈಪರ್’ ನಮ್ಮ ‘ಪಿಪ್ಪಲಿ’ಯ ವಂಶದ್ದು. ಬಯಾದ ಉತ್ತರಕ್ಕಿರುವ ಕಲೊಚಾ ಪಟ್ಟಣದ ಪುಡಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಬ್ಯಾಡಗಿಯ ಗುಣವೂ ಅದೇ ಅಲ್ಲವೇ? ಖಾರ ಬೇಕಾದವರಿಗೆ ಬಯಾದಲ್ಲಿ ಬೇರೆ ಮೆಣಸು ಪಕ್ಕದಲ್ಲಿಡುತ್ತಾರೆ.

ತಿಸಾ ನದಿಯ ದಂಡೆಯ ಸೆಗೆಡ್ ನಗರದವರು ಬಯಾದ ಪಾಕವನ್ನು ಒಪ್ಪುವುದಿಲ್ಲ. ಅವರು ಸಣ್ಣ ಮೀನುಗಳನ್ನು ಈರುಳ್ಳಿಯೊಡನೆ ಬೇಯಿಸಿ, ಜರಡಿಯಲ್ಲಿ ಸೋಸಿ, ಆ ಗಟ್ಟಿ ರಸದಲ್ಲಿ ದೊಡ್ಡ ಮೀನನ್ನು ಬೇಯಿಸುತ್ತಾರೆ, ಬ್ರೆಡ್ಡಿನೊಡನೆ ಉಣ್ಣುತ್ತಾರೆ. ಬಯಾದವರು ಸೋಸುವುದಿಲ್ಲ. ಬೆಂಕಿಕಡ್ಡಿಯಷ್ಟು ಸಣ್ಣ ಶಾವಿಗೆಯನ್ನು ಬೇರೆಯಾಗಿ ಬೇಯಿಸಿ, ಅದರ ಮೇಲೆ ರಸ ಸುರಿದು ಮೊದಲು ಉಣ್ಣುತ್ತಾರೆ. ಮೀನು ಬೇರೆ ತಟ್ಟೆಗೆ. ಡ್ಯಾನ್ಯೂಬಿನಲ್ಲಿ ತೇಲುತ್ತಿದ್ದ ಗಿರಣಿದೋಣಿಗಳವರ ಬಳಿ ಹಿಟ್ಟು ಧಾರಾಳವಾಗಿತ್ತು, ಶಾವಿಗೆ ಬಂದದ್ದು ಅಲ್ಲಿಂದ ಎಂಬ ಕತೆಯುಂಟು. ಕತೆ ನಿಜವೋ ಅಲ್ಲವೋ, ಮೀನಿನಷ್ಟೇ ಹಿಟ್ಟನ್ನೂ ನದಿಯೇ ಕೊಟ್ಟಿತೆಂಬ ನೆನಪು ಅದರಲ್ಲಿದೆ.

ಆ ನದಿ ಈಗ ಹಾಗಿಲ್ಲ. ದಂಡೆಯ ದಿಬ್ಬಗಳಲ್ಲಿ ‘ಫೋಕ್’ ಎಂಬ ಕಾಲುವೆ ಕಡಿದು, ನೆರೆನೀರನ್ನು ತಗ್ಗಿಗೆ ಬಿಟ್ಟು, ಇಳಿತದಲ್ಲಿ ಮೀನನ್ನು ತಡೆದು ಹಿಡಿಯುವ ವ್ಯವಸ್ಥೆ ಮಧ್ಯಯುಗದಿಂದ ನಡೆದುಬಂದಿತ್ತು. 19ನೆಯ ಶತಮಾನದಲ್ಲಿ ನದಿಯ ತಿರುವುಗಳನ್ನು ಕತ್ತರಿಸಿ ಒಡ್ಡು ಕಟ್ಟಿದಾಗ ಮೀನು ಮೊಟ್ಟೆಯಿಡುವ ತಗ್ಗುಗಳು ಬಹುಮಟ್ಟಿಗೆ ಇಲ್ಲವಾದವು. ಒಟ್ಟೋ ಹೆರ್ಮನ್ 1887ರಲ್ಲಿ ಹಂಗೆರಿಯ ಮೀನುಗಾರಿಕೆಯ ಕುರಿತು ಪ್ರಕಟಿಸಿದ ಬೃಹತ್ ಗ್ರಂಥ ಆ ದೇಶದ ಜನಾಂಗವಿವರಣೆಯ ಅಡಿಗಲ್ಲುಗಳಲ್ಲಿ ಒಂದು. ಬಲೆ, ಗಾಳ, ಕೂಳಿಗಳ ಹೆಸರುಗಳನ್ನು ಅವನು ಸಂಗ್ರಹಿಸಿದ್ದು ಅವು ಕಣ್ಮರೆಯಾಗುತ್ತಿದ್ದ ಕಾಲದಲ್ಲಿ. 2016ರ ಆರಂಭದಿಂದ ಹಂಗೆರಿಯ ಸ್ವಾಭಾವಿಕ ಜಲಮೂಲಗಳಲ್ಲಿ ವಾಣಿಜ್ಯ ಮೀನುಗಾರಿಕೆಯೇ ನಿಂತಿತು. ಆ ದೇಶದ ಗೆಂಡೆಮೀನಿನ ಬಹುಪಾಲು ಇಂದು ಸಾಕಣೆಯ ಕೊಳಗಳಿಂದ ಬರುತ್ತದೆ. ಹಿಂದಿನವರು ಡ್ಯಾನ್ಯೂಬಿನ ನೀರನ್ನೇ ಮೊಗೆದು ಸಾರು ಮಾಡುತ್ತಿದ್ದರು ಎಂದು ಹೇಳುವ ಊರಿನಲ್ಲಿ ಈಗ ಮೀನುಗಾರನ ಕಸುಬೂ ಇಲ್ಲ. ಆತನ ಹೆಸರಿನ ಸಾರು ಉಳಿದಿದೆ.

ಹಾಗಾಗಿ 1996ರ ಹಬ್ಬವನ್ನು ಪ್ರವಾಸಿಗಳಿಗೆಂದು ಹೂಡಿದ ಮೇಳ ಎಂದು ಬದಿಗಿಡಲು ನನಗೆ ಮನಸ್ಸೊಪ್ಪುವುದಿಲ್ಲ. ಕಸುಬು ಮುಗಿಯುವ ಇಪ್ಪತ್ತು ವರ್ಷ ಮೊದಲೇ, ಆ ಕಸುಬಿನ ಅಡುಗೆಯ ಭಾಗವನ್ನು ಊರಿನ ಅಷ್ಟೂ ಕುಟುಂಬಗಳ ಕೈಗೆ ದಾಟಿಸುವ ಏರ್ಪಾಡಾಗಿ ಅದು ಕೆಲಸ ಮಾಡಿತು. ಅದು ಉದ್ದೇಶಪೂರ್ವಕವಾಗಿತ್ತೆಂದು ನಾನು ಹೇಳಲಾರೆ.

ಮೂಲ್ಕಿಯ ಬಳಿಯ ಖಂಡಿಗೆಯ ಜಾತ್ರೆಯೊಡನೆ ಇದನ್ನು ಹೋಲಿಸಿ ನೋಡಬಹುದು. ಅಲ್ಲಿ ಊರವರು, ಪರವೂರವರು ಒಂದೇ ದಿನ ನಂದಿನಿ ಹೊಳೆಗಿಳಿದು ಮೀನು ಹಿಡಿಯುತ್ತಾರೆ. ಹಿಡಿಯುವುದು ಸಾಮೂಹಿಕ, ಬೇಯಿಸುವುದು ಅವರವರ ಮನೆಯಲ್ಲಿ. ಬಯಾದಲ್ಲಿ ಹಿಡಿಯುವುದಿಲ್ಲ, ಬೇಯಿಸುವುದು ಸಾಮೂಹಿಕ. ಹೋಲಿಕೆಯನ್ನು ಮುಂದುವರಿಸಲೆಂದು ಹಳೆಯ ಟಿಪ್ಪಣಿ ಪುಸ್ತಕಗಳನ್ನು ತೆಗೆದು ನೋಡಿದೆ. ಬಲೆಗಳ ವಿವರವಿದೆ, ದೈವದ ವಿವರವಿದೆ, ಹೊಳೆಗಿಳಿಯುವ ಕ್ರಮವಿದೆ. ಆ ಮೀನು ಆಮೇಲೆ ಏನಾಗುತ್ತದೆ ಎಂಬಲ್ಲಿ ಎರಡೇ ಪದ ಬರೆದುಕೊಂಡಿದ್ದೇನೆ: ‘ಮನೆಗೆ ಒಯ್ಯುತ್ತಾರೆ’.