ಮಂಗೋಲರ ಅನ್ನವೂ ಚೀನಾದ ಒಕ್ಕಲಿಗರೂ

ಕುದುರೆಯ ಬೆನ್ನನ್ನೇ ಮನೆಯಾಗಿ ಮಾಡಿಕೊಂಡಿದ್ದ ಮಂಗೋಲರಿಗೆ ನೇಗಿಲಿನಲ್ಲಿ ಗೌರವವಿರಲಿಲ್ಲ. ಕುರಿಯ ಮಾಂಸ, ಹುಳಿಬರಿಸಿದ ಕುದುರೆಯ ಹಾಲು, ಬೇಟೆ, ಇವೇ ಅವರ ಮುಖ್ಯ ಆಹಾರ. ಧಾನ್ಯವು ಬೇಕಾದಾಗ ವಿನಿಮಯದಿಂದಲೋ ಸೂರೆಯಿಂದಲೋ ದೊರೆಯುತ್ತಿದ್ದಿತು. 1211ರಲ್ಲಿ ಚಂಗೀಸ್ ಖಾನನು ಉತ್ತರ ಚೀನಾದ ಜಿನ್ ರಾಜ್ಯದ ಮೇಲೆ ದಂಡೆತ್ತಿದನು. ಅಂದಿನಿಂದ ಇಪ್ಪತ್ತು ವರ್ಷಗಳ ಕಾಲ ಸೂರೆಯೇ ಕಂದಾಯವಾಯಿತು. ಸುಟ್ಟ ಹಳ್ಳಿಯು ಮರುವರ್ಷ ಕಾಳು ಕೊಡದೆಂಬುದನ್ನು ಸರದಾರರು ಗಣಿಸಲಿಲ್ಲ.

1229ರಲ್ಲಿ ಒಗೊದೈ ಖಾನನು ಪಟ್ಟವೇರಿದಾಗ ಆಸ್ಥಾನದಲ್ಲಿ ಒಂದು ಭಯಂಕರವಾದ ಸಲಹೆಯು ಹುಟ್ಟಿತು. ಚೀನೀ ಜನರಿಂದ ಪ್ರಯೋಜನವಿಲ್ಲ. ಅವರನ್ನು ನಿರ್ಮೂಲಮಾಡಿ ನೆಲವನ್ನೆಲ್ಲ ಹುಲ್ಲುಗಾವಲಾಗಿಸುವುದೇ ಲೇಸೆಂದು ಕೆಲವರು ಬಿನ್ನವಿಸಿದರು. ಕುದುರೆಯ ದೃಷ್ಟಿಯಿಂದ ನೋಡಿದರೆ ಈ ವಾದದಲ್ಲಿ ದೋಷವಿಲ್ಲ! ಲಕ್ಷೋಪಲಕ್ಷ ಒಕ್ಕಲುಗಳ ಪ್ರಾಣವು ಆ ಮಾತಿನ ಮೇಲೆ ನಿಂತಿದ್ದಿತು.

ಇದನ್ನು ತಡೆದವನು ಯೆಲು ಚುತ್ಸಾಯ್ ಎಂಬ ಮಂತ್ರಿ. ಇವನು ಖಿತಾನ್ ರಾಜವಂಶದವನು. ಚೀನೀ ವಿದ್ಯೆಯಲ್ಲಿ ಪಾರಂಗತನು. ನೀಳವಾದ ಗಡ್ಡದಿಂದ ಮಂಗೋಲರಲ್ಲಿ ಪ್ರಸಿದ್ಧನಾದವನು. ಅವನು ಕರುಣೆಯ ಮಾತನ್ನಾಡಲಿಲ್ಲ, ಲೆಕ್ಕದ ಮಾತನ್ನಾಡಿದನು. ದಕ್ಷಿಣಕ್ಕೆ ಹೊರಡುವ ಸೇನೆಗೆ ಗ್ರಾಸವೆಲ್ಲಿಂದ? ಒಕ್ಕಲಿಗರನ್ನು ಉಳಿಸಿ ನ್ಯಾಯವಾಗಿ ತೆರಿಗೆಯೆತ್ತಿದರೆ ವರ್ಷಕ್ಕೆ 5,00,000 ತೇಲ್ ಬೆಳ್ಳಿಯೂ 80,000 ಥಾನು ರೇಷ್ಮೆಯೂ 4,00,000 ಷಿ ಧಾನ್ಯವೂ ಬರುವುವೆಂದನು. (ತೇಲ್ ಎಂಬುದು ಆ ನಾಡಿನ ತೂಕ, ಷಿ ಎಂಬುದು ಧಾನ್ಯದ ಅಳತೆ.) ಕೆಚ್ಚಲನ್ನು ಕೊಯ್ದವನಿಗೆ ಹಾಲು ದೊರೆಯದೆಂಬ ಶಾಂತಿಪರ್ವದ ರಾಜನೀತಿಯನ್ನು ಬಲ್ಲವರಿಗೆ ಈ ವಾದವು ಹೊಸದಲ್ಲ, ಆ ಸಭೆಗೆ ಮಾತ್ರ ಹೊಸದು.

1230ರಲ್ಲಿ ಹತ್ತು ಕಂದಾಯದ ಕಚೇರಿಗಳು ಏರ್ಪಟ್ಟುವು. ಸೇನಾನಾಯಕರು ಸ್ವೇಚ್ಛೆಯಾಗಿ ಕಿತ್ತುಕೊಳ್ಳುತ್ತಿದ್ದುದನ್ನು ತಪ್ಪಿಸಿ, ಧಾನ್ಯದ ಲೆಕ್ಕವನ್ನು ಓದುಬರಹ ಬಲ್ಲ ಅಧಿಕಾರಿಗಳಿಗೆ ಒಪ್ಪಿಸಲಾಯಿತು. ಮರುವರ್ಷ ಖಾನನು ಯುನ್‌ಚುಂಗ್ ಎಂಬಲ್ಲಿಗೆ ಬಂದಾಗ ಬೆಳ್ಳಿ ರೇಷ್ಮೆಗಳ ರಾಶಿಯೂ ಕಣಜಗಳ ಲೆಕ್ಕಪತ್ರವೂ ಅವನ ಮುಂದಿದ್ದುವು. ಸಂತುಷ್ಟನಾದ ಅವನು ಚುತ್ಸಾಯನನ್ನು ಪ್ರಧಾನಮಂತ್ರಿಯನ್ನಾಗಿ ಮಾಡಿದನು.

1236ರ ಕಟ್ಟಳೆಯಂತೆ ಎರಡು ಮನೆಗಳಿಂದ ಒಂದು ಜಿನ್ ತೂಕದ ರೇಷ್ಮೆ ಸರ್ಕಾರಕ್ಕೆ. ಐದು ಮನೆಗಳಿಂದ ಒಂದು ಜಿನ್ ಆ ಸೀಮೆಯನ್ನು ಉಂಬಳಿಯಾಗಿ ಪಡೆದ ಮಂಗೋಲ ಪ್ರಭುವಿಗೆ. ಪ್ರಭುವು ತಾನೇ ಹಳ್ಳಿಗೆ ನುಗ್ಗುವಂತಿಲ್ಲ. ಹೊಲದ ತೆರಿಗೆಯೂ ಹಗುರವಾಗಿದ್ದಿತು. ಇದು ತೀರ ಕಡಮೆಯೆಂದು ಸಭಾಸದರು ಆಕ್ಷೇಪಿಸಿದಾಗ, ಮುಂದೆ ಲಾಭದಾಸೆಯವರು ಬಂದು ಹೆಚ್ಚಿಸಿಯೇ ಹೆಚ್ಚಿಸುವರೆಂದು ಚುತ್ಸಾಯನು ಉತ್ತರವಿತ್ತನು.

ಆ ದಿನವು ಬೇಗನೆ ಬಂದಿತು. 1239ರಲ್ಲಿ ಅಬ್ದುಲ್ ರಹಮಾನನೆಂಬ ವರ್ತಕನು 11,00,000 ತೇಲ್ ಇದ್ದ ಹುಟ್ಟುವಳಿಗೆ 22,00,000 ಕೊಡುವೆನೆಂದು ಗುತ್ತಿಗೆ ಬೇಡಿದನು. ಹೆಚ್ಚಿನ ಹಣವು ಯಾರ ಕಣಜದಿಂದ ಬರತಕ್ಕದ್ದೆಂಬುದು ಸ್ಪಷ್ಟವಾಗಿದ್ದಿತು. ಮಂತ್ರಿಯು ಕಣ್ಣೀರಿಟ್ಟು ವಾದಿಸಿದನು. ಪ್ರಜೆಗಳಿಗಾಗಿ ಅಳುವೆಯೇನೆಂದು ಕೇಳಿದ ಖಾನನು ಗುತ್ತಿಗೆಯನ್ನು ಕೊಟ್ಟೇಬಿಟ್ಟನು.

ಚುತ್ಸಾಯನು ಮಡಿದ ಮೇಲೆ, ರಾಜ್ಯದ ಹುಟ್ಟುವಳಿಯ ಅರ್ಧವನ್ನು ಅವನೇ ನುಂಗಿದನೆಂದು ವಿರೋಧಿಗಳು ಚಾಡಿಹೇಳಿದರು. ರಾಣಿ ತೊರೆಗೆನೆಯು ಮನೆಯನ್ನು ಶೋಧಿಸಿದಳು. ಸಿಕ್ಕಿದುದು ಹತ್ತಾರು ತಂತಿವಾದ್ಯಗಳು, ಕೆಲವು ಸಾವಿರ ಪುಸ್ತಕಗಳು, ಚಿತ್ರಪಟಗಳು, ಶಾಸನಗಳ ಪ್ರತಿಗಳು.