ಡಿಜಿಟಲ್ ಧ್ವನಿಮುದ್ರಣ

ಡಿಜಿಟಲ್ ಧ್ವನಿಮುದ್ರಣ ಎಂದರೆ ಧ್ವನಿತರಂಗವನ್ನು ಸಮಾನ ಕಾಲಾಂತರಗಳಲ್ಲಿ ಅಳೆದು, ಆ ಅಳತೆಗಳನ್ನು ಅಂಕಿಗಳ ರೂಪದಲ್ಲಿ ಸಂಗ್ರಹಿಸಿ, ಬೇಕಾದಾಗ ಅವುಗಳಿಂದ ಮತ್ತೆ ಧ್ವನಿಯನ್ನು ಪಡೆಯುವ ವಿಧಾನ. ಸಿ.ಡಿ., ಮೊಬೈಲ್ ಫೋನ್, ಅಂತರಜಾಲದ ಸಂಗೀತ ಇವೆಲ್ಲವೂ ಈ ವಿಧಾನವನ್ನು ಅವಲಂಬಿಸಿವೆ. ಸೆಕೆಂಡಿಗೆ ಎಷ್ಟು ಬಾರಿ ಅಳೆಯಬೇಕು, ಎಷ್ಟು ಸೂಕ್ಷ್ಮವಾಗಿ ಅಳೆಯಬೇಕು, ಯಾವ ಅಂಶವನ್ನು ಕೈಬಿಡಬಹುದು ಎಂಬ ಮೂರು ಪ್ರಶ್ನೆಗಳನ್ನು ಮನುಷ್ಯನ ಕಿವಿಯ ಸಾಮರ್ಥ್ಯವನ್ನು ಆಧರಿಸಿ ನಿರ್ಧರಿಸಲಾಗುತ್ತದೆ. ಒಮ್ಮೆ ಕೈಬಿಟ್ಟ ಅಂಶವನ್ನು ಮುಂದೆ ಯಾವ ಉಪಕರಣದಿಂದಲೂ ಮರಳಿ ಪಡೆಯಲಾಗದು.

ಧ್ವನಿಯ ಸ್ವರೂಪ

ಧ್ವನಿಯು ಕಂಪಿಸುವ ವಸ್ತುವಿನಿಂದ ಹುಟ್ಟುತ್ತದೆ. ವೀಣೆಯ ತಂತಿಯಾಗಲಿ ಮೃದಂಗದ ಚರ್ಮವಾಗಲಿ ಕಂಪಿಸಿದಾಗ ಸುತ್ತಲಿನ ಗಾಳಿಯ ಕಣಗಳು ಒಮ್ಮೆ ಒತ್ತಾಗಿಯೂ ಇನ್ನೊಮ್ಮೆ ವಿರಳವಾಗಿಯೂ ಆಗುತ್ತವೆ. ಇವನ್ನು ಕ್ರಮವಾಗಿ ಸಂಪೀಡನ ಮತ್ತು ವಿರಳನ ಎನ್ನುವರು. ಕಣಗಳು ತಮ್ಮ ಸ್ಥಾನದ ಆಸುಪಾಸಿನಲ್ಲಿಯೇ ಹಿಂದಕ್ಕೂ ಮುಂದಕ್ಕೂ ಚಲಿಸುತ್ತವೆ. ಮುಂದೆ ಸಾಗುವುದು ಒತ್ತಡದ ಏರಿಳಿತ ಮಾತ್ರ. ಕಣಗಳ ಚಲನೆಯೂ ತರಂಗದ ಚಲನೆಯೂ ಒಂದೇ ರೇಖೆಯಲ್ಲಿರುವುದರಿಂದ ಗಾಳಿಯಲ್ಲಿನ ಧ್ವನಿಯು ನೀಳ ತರಂಗವಾಗಿದೆ.

ಧ್ವನಿ ಸಾಗಲು ಮಾಧ್ಯಮ ಬೇಕು. ನಿರ್ವಾತದಲ್ಲಿ ಅದು ಸಾಗದು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ನೀರಿನಲ್ಲಿ ಸುಮಾರು 1,480 ಮೀಟರ್, ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು. ಮಿಂಚು ಕಂಡ ಮೂರು ಸೆಕೆಂಡುಗಳ ಅನಂತರ ಗುಡುಗು ಕೇಳಿಸಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಉಂಟಾಗಿದೆ ಎಂದು ತಿಳಿಯಬಹುದು.

ಧ್ವನಿಯ ಲಕ್ಷಣಗಳು

ಸ್ಥಾಯಿ: ಸೆಕೆಂಡಿಗೆ ಎಷ್ಟು ಕಂಪನಗಳು ಎಂಬುದನ್ನು ಆವೃತ್ತಿ ಎನ್ನುವರು, ಅದರ ಮಾನ ಹರ್ಟ್ಜ್. ಆವೃತ್ತಿ ಹೆಚ್ಚಿದಂತೆ ಸ್ಥಾಯಿ ಏರುತ್ತದೆ. ಮಧ್ಯಸ್ಥಾಯಿಯ ಷಡ್ಜವನ್ನು 240 ಹರ್ಟ್ಜ್‌ಗೆ ಶ್ರುತಿ ಮಾಡಿದರೆ ತಾರ ಷಡ್ಜ 480, ಮಂದ್ರ ಷಡ್ಜ 120, ಪಂಚಮ 360 ಹರ್ಟ್ಜ್ ಆಗುತ್ತವೆ. ಆರೋಗ್ಯವಂತ ತರುಣರ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಜ್‌ವರೆಗಿನ ಧ್ವನಿ ಕೇಳಿಸುತ್ತದೆ. ವಯಸ್ಸಾದಂತೆ ಮೇಲಿನ ಮಿತಿ ಇಳಿಯುತ್ತದೆ.

ಗಟ್ಟಿತನ: ಇದು ಮುಖ್ಯವಾಗಿ ಕಂಪನದ ವಿಸ್ತಾರವನ್ನು ಅವಲಂಬಿಸಿದೆ. ಧ್ವನಿಯ ಮಟ್ಟವನ್ನು ಡೆಸಿಬಲ್‌ಗಳಲ್ಲಿ ಹೇಳುವರು. ಈ ಮಾನವು ಲಾಗರಿದಮ್ ಕ್ರಮದ್ದಾಗಿರುವುದರಿಂದ, ಮಟ್ಟ 20 ಡೆಸಿಬಲ್ ಏರಿತೆಂದರೆ ಗಾಳಿಯಲ್ಲಿನ ಒತ್ತಡದ ಏರಿಳಿತ ಹತ್ತು ಪಟ್ಟಾಯಿತೆಂದು ಅರ್ಥ.

ನಾದಗುಣ: ವೀಣೆಯೂ ಕೊಳಲೂ ಒಂದೇ ಸ್ವರವನ್ನು ಒಂದೇ ಗಟ್ಟಿತನದಲ್ಲಿ ನುಡಿಸಿದರೂ ಕೇಳುಗನು ಅವನ್ನು ಬೇರೆ ಬೇರೆಯಾಗಿ ಗುರುತಿಸುತ್ತಾನೆ. ಮೂಲ ಆವೃತ್ತಿಯ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಯ ಕಂಪನಗಳೂ ಸೇರಿರುತ್ತವೆ. ಅವುಗಳ ಪ್ರಮಾಣ ವಾದ್ಯದಿಂದ ವಾದ್ಯಕ್ಕೆ ಬೇರೆಯಾಗಿರುವುದು ಇದಕ್ಕೆ ಮುಖ್ಯ ಕಾರಣ.

ಅನಲಾಗ್ ಮುದ್ರಣ

1877ರಲ್ಲಿ ಥಾಮಸ್ ಆಲ್ವ ಎಡಿಸನ್ ರೂಪಿಸಿದ ಫೋನೋಗ್ರಾಫ್‌ನಲ್ಲಿ ಧ್ವನಿಯ ಕಂಪನವು ಸೂಜಿಯ ಮೂಲಕ ತವರದ ಹಾಳೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಗ್ರಾಮಫೋನ್ ತಟ್ಟೆ ಮತ್ತು ಕಾಂತೀಯ ಟೇಪುಗಳೂ ತರಂಗದ ಆಕಾರವನ್ನು ಅಖಂಡವಾಗಿ ಅನುಸರಿಸುತ್ತವೆ. ಈ ಬಗೆಯ ಮುದ್ರಣವನ್ನು ಅನಲಾಗ್ ಎನ್ನುವರು. ಇದರಲ್ಲಿ ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಗದ್ದಲ ಸೇರುತ್ತದೆ. ಅಂಕಿಗಳಿಗೆ ಈ ತೊಂದರೆಯಿಲ್ಲ. ಸರಿಯಾಗಿ ನಕಲಾದ ಸಾವಿರದ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ. ಧ್ವನಿಯನ್ನು ಅಂಕಿಗಳಾಗಿ ರವಾನಿಸುವ ಪಿ.ಸಿ.ಎಂ. ವಿಧಾನವನ್ನು ಬ್ರಿಟನ್ನಿನ ಅಲೆಕ್ ರೀವ್ಸ್ 1937ರಲ್ಲಿ ರೂಪಿಸಿದರು.

ಮಾದರಿ ಸಂಗ್ರಹ

ಮೈಕ್ರೋಫೋನ್ ಗಾಳಿಯ ಒತ್ತಡದ ಏರಿಳಿತವನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಬದಲಿಸುತ್ತದೆ. ಇದನ್ನು ನಿಗದಿತ ಕ್ಷಣಗಳಲ್ಲಿ ಅಳೆಯುವುದೇ ಮಾದರಿ ಸಂಗ್ರಹ. ಸೆಕೆಂಡಿಗೆ ತೆಗೆಯುವ ಅಳತೆಗಳ ಸಂಖ್ಯೆಯೇ ಮಾದರಿ ದರ.

ಎರಡು ಅಳತೆಗಳ ನಡುವಿನ ಧ್ವನಿ ಕಳೆದುಹೋಗುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಧ್ವನಿಯಲ್ಲಿರುವ ಅತಿ ಹೆಚ್ಚಿನ ಆವೃತ್ತಿಯ ಎರಡರಷ್ಟಕ್ಕಿಂತ ಮಾದರಿ ದರ ಹೆಚ್ಚಾಗಿದ್ದರೆ, ಆ ಬಿಂದುಗಳ ಮೂಲಕ ಹಾದುಹೋಗಬಲ್ಲ ತರಂಗ ಒಂದೇ ಒಂದು. ಆದ್ದರಿಂದ ಮೂಲ ತರಂಗವನ್ನು ಪೂರ್ಣವಾಗಿ ಮರುರಚಿಸಬಹುದು. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಟೆಲಿಗ್ರಾಫಿನ ಸಂದರ್ಭದಲ್ಲಿ ಇದಕ್ಕೆ ಬುನಾದಿ ಹಾಕಿದರು; ಕ್ಲಾಡ್ ಶಾನನ್ 1949ರಲ್ಲಿ ಇದನ್ನು ಪ್ರಮೇಯವಾಗಿ ನಿರೂಪಿಸಿದರು.

ಈ ನಿಯಮವನ್ನು ಮೀರಿದರೆ ಇಲ್ಲದ ಧ್ವನಿಯೊಂದು ಹುಟ್ಟಿಕೊಳ್ಳುತ್ತದೆ. ಚಲನಚಿತ್ರದಲ್ಲಿ ವೇಗವಾಗಿ ಓಡುವ ಬಂಡಿಯ ಚಕ್ರ ಹಿಂದಕ್ಕೆ ತಿರುಗುವಂತೆ ಕಾಣುವುದು ಇದೇ ಬಗೆಯ ದೋಷ. ಸೆಕೆಂಡಿಗೆ 44,100 ಬಾರಿ ಅಳೆಯುವಾಗ 30,000 ಹರ್ಟ್ಜ್‌ನ ತರಂಗ ಒಳಹೊಕ್ಕರೆ ಅದು 14,100 ಹರ್ಟ್ಜ್‌ನ ಧ್ವನಿಯಾಗಿ ದಾಖಲಾಗುತ್ತದೆ. ಆದುದರಿಂದ ಅಳೆಯುವ ಮೊದಲೇ ಮಿತಿ ಮೀರಿದ ಆವೃತ್ತಿಗಳನ್ನು ಸೋಸಿ ತೆಗೆಯಲಾಗುತ್ತದೆ.

44,100 ಎಂಬ ಸಂಖ್ಯೆ

ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ರೂಪಿಸಿದ ಸಿ.ಡಿ. 1982ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದಿತು. ಅದರ ಮಾದರಿ ದರ 44,100. ಕಿವಿಯ ಮಿತಿಯಾದ 20,000ದ ಎರಡರಷ್ಟು 40,000. ಸೋಸುವಿಕೆಗೆ ಅಗತ್ಯವಾದ ಅವಕಾಶ ಮೇಲಿನ ಸಂಖ್ಯೆಯಲ್ಲಿ ಸೇರಿದೆ. ಆದರೆ ಖಚಿತವಾಗಿ ಇದೇ ಸಂಖ್ಯೆ ಆಯ್ಕೆಯಾದದ್ದು ವಿಡಿಯೋ ಟೇಪಿನಿಂದ. ಆ ಕಾಲದಲ್ಲಿ ಡಿಜಿಟಲ್ ಧ್ವನಿಯನ್ನು ವಿಡಿಯೋ ಯಂತ್ರಗಳಲ್ಲಿ, ಚಿತ್ರದ ಒಂದೊಂದು ಗೆರೆಗೆ ಮೂರು ಅಳತೆಗಳಂತೆ ತುಂಬಿಡುತ್ತಿದ್ದರು. ಸೆಕೆಂಡಿಗೆ 60 ಕ್ಷೇತ್ರ, ಕ್ಷೇತ್ರಕ್ಕೆ 245 ಗೆರೆ ಎಂಬ ಲೆಕ್ಕದಲ್ಲೂ, 50 ಕ್ಷೇತ್ರ, 294 ಗೆರೆ ಎಂಬ ಲೆಕ್ಕದಲ್ಲೂ 44,100 ದೊರೆಯುತ್ತದೆ. ಹೀಗಾಗಿ ಎರಡು ಬಗೆಯ ಟೆಲಿವಿಷನ್ ಪದ್ಧತಿಗಳಿಗೂ ಅದು ಹೊಂದಿಕೆಯಾಯಿತು.

ಬಿಟ್ ಆಳ

ಪ್ರತಿ ಅಳತೆಯನ್ನೂ ದ್ವಿಮಾನ ಅಂಕಿಗಳಲ್ಲಿ, ಅಂದರೆ ಬಿಟ್‌ಗಳಲ್ಲಿ ಬರೆಯಲಾಗುತ್ತದೆ. 8 ಬಿಟ್‌ಗಳಿಂದ 256 ಹಂತಗಳು, 16 ಬಿಟ್‌ಗಳಿಂದ 65,536 ಹಂತಗಳು ಸಾಧ್ಯ. ಅಳತೆಯನ್ನು ಹತ್ತಿರದ ಹಂತಕ್ಕೆ ಸರಿಹೊಂದಿಸುವಾಗ ಉಂಟಾಗುವ ಅಲ್ಪ ವ್ಯತ್ಯಾಸವು ಸಣ್ಣ ಗದ್ದಲವಾಗಿ ಉಳಿಯುತ್ತದೆ. ಒಂದು ಬಿಟ್ ಹೆಚ್ಚಿದರೆ ಈ ಗದ್ದಲ ಸುಮಾರು 6 ಡೆಸಿಬಲ್ ತಗ್ಗುತ್ತದೆ. 16 ಬಿಟ್‌ಗಳ ಸಿ.ಡಿ.ಯಲ್ಲಿ ಅತಿ ಗಟ್ಟಿಯಾದ ಧ್ವನಿಗೂ ಈ ಗದ್ದಲಕ್ಕೂ ನಡುವೆ ಸುಮಾರು 96 ಡೆಸಿಬಲ್ ಅಂತರವಿದೆ. ಧ್ವನಿಯು ಅತ್ಯುನ್ನತ ಹಂತವನ್ನೂ ಮೀರಿದರೆ ತರಂಗದ ತುದಿ ಕತ್ತರಿಸಿಹೋಗಿ ಕರ್ಕಶವಾಗುತ್ತದೆ.

ಸಾಂಪ್ರದಾಯಿಕ ಡಿಜಿಟಲ್ ದೂರವಾಣಿಯಲ್ಲಿ ಮಾದರಿ ದರ 8,000, ಬಿಟ್ ಆಳ 8. ಅದರಲ್ಲಿ ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಧ್ವನಿ ಮಾತ್ರ ಸಾಗುತ್ತದೆ. ಮಾತು ಅರ್ಥವಾಗಲು ಇಷ್ಟು ಸಾಕು. ಆದರೆ ಸಕಾರದ ಸೀಟಿಯಂತಹ ಅಂಶ ಬಹುಮಟ್ಟಿಗೆ 4,000 ಹರ್ಟ್ಜ್‌ಗಿಂತ ಮೇಲಿರುವುದರಿಂದ, ಅಪರಿಚಿತ ಹೆಸರುಗಳನ್ನು ದೂರವಾಣಿಯಲ್ಲಿ ಅಕ್ಷರ ಬಿಡಿಸಿ ಹೇಳಬೇಕಾಗುತ್ತದೆ.

ಕುಗ್ಗಿಸುವಿಕೆ

ಎರಡು ವಾಹಿನಿಗಳ ಸಿ.ಡಿ. ಧ್ವನಿಗೆ ಸೆಕೆಂಡಿಗೆ 14,11,200 ಬಿಟ್‌ಗಳು ಬೇಕು. ಒಂದು ನಿಮಿಷಕ್ಕೆ ಒಂದು ಕೋಟಿ ಬೈಟ್‌ಗಳಿಗೂ ಹೆಚ್ಚು. ಇದನ್ನು ತಗ್ಗಿಸಲು ಎರಡು ದಾರಿಗಳಿವೆ.

ನಷ್ಟರಹಿತ ವಿಧಾನದಲ್ಲಿ ಅಂಕಿಗಳನ್ನು ಅಡಕವಾಗಿ ಬರೆಯಲಾಗುತ್ತದೆ. ತೆರೆದಾಗ ಪ್ರತಿಯೊಂದು ಅಂಕಿಯೂ ಮರಳಿ ಸಿಗುತ್ತದೆ. ಫ್ಲ್ಯಾಕ್ ಇದಕ್ಕೆ ಉದಾಹರಣೆ.

ನಷ್ಟಸಹಿತ ವಿಧಾನದಲ್ಲಿ ಕಿವಿಗೆ ಕೇಳಿಸದೆಂದು ಲೆಕ್ಕ ಹಾಕಿದ ಅಂಶಗಳನ್ನು ಕೈಬಿಡಲಾಗುತ್ತದೆ. ಗಟ್ಟಿಯಾದ ಧ್ವನಿಯೊಂದು ಹತ್ತಿರದ ಆವೃತ್ತಿಯ ಮೆಲುಧ್ವನಿಯನ್ನು ಮರೆಮಾಡುವುದು ಇದರ ಆಧಾರ. ಎಂಪಿ3 ಈ ಬಗೆಯದು. ಇದರ ಬೆಳವಣಿಗೆಯಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಪಾತ್ರ ದೊಡ್ಡದು. ಸೆಕೆಂಡಿಗೆ 1,28,000 ಬಿಟ್‌ಗಳ ಎಂಪಿ3 ಕಡತವು ಸಿ.ಡಿ. ಧ್ವನಿಯ ಹನ್ನೊಂದನೆಯ ಒಂದು ಭಾಗದಷ್ಟಿರುತ್ತದೆ. ಎಂಪಿ3ಯನ್ನು ಮತ್ತೆ ದೊಡ್ಡ ಕಡತವಾಗಿ ಪರಿವರ್ತಿಸಿದರೆ ಗಾತ್ರ ಹೆಚ್ಚುತ್ತದೆಯೇ ಹೊರತು ಕಳೆದ ಧ್ವನಿ ಬಾರದು. ಪುನಃ ಪುನಃ ಕುಗ್ಗಿಸಿದರೆ ನಷ್ಟ ಕೂಡುತ್ತಾ ಹೋಗುತ್ತದೆ.

ಸಂರಕ್ಷಣೆಯಲ್ಲಿ ಮಹತ್ವ

ಜನಪದ ಗೀತೆಗಳು, ಹಳೆಯ ಕಚೇರಿಗಳು, ಹಿರಿಯರ ಮಾತುಗಳು ಅನೇಕ ಕಡೆ ಕ್ಯಾಸೆಟ್ ಮತ್ತು ಟೇಪುಗಳಲ್ಲಿವೆ. ಕಾಲ ಕಳೆದಂತೆ ಟೇಪಿನ ಕಾಂತೀಯ ಲೇಪ ಹಾಳಾಗುತ್ತದೆ. ನುಡಿಸುವ ಯಂತ್ರಗಳೂ ವಿರಳವಾಗುತ್ತಿವೆ. ಇಂತಹವನ್ನು ಅಂಕೀಕರಿಸುವಾಗ ಕನಿಷ್ಠ 48,000 ಮಾದರಿ ದರ ಮತ್ತು 24 ಬಿಟ್ ಆಳ ಇರಬೇಕೆಂದು ಧ್ವನಿ ದಾಖಲೆಗಳ ಅಂತರರಾಷ್ಟ್ರೀಯ ಸಂಘಟನೆಯಾದ ಐಎಎಸ್‌ಎ ಶಿಫಾರಸು ಮಾಡಿದೆ. ಮೂಲಪ್ರತಿಯನ್ನು ಕುಗ್ಗಿಸದ ರೂಪದಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಇಟ್ಟು, ಹಂಚಲು ಮಾತ್ರ ಅದರಿಂದ ಎಂಪಿ3 ಪ್ರತಿಯನ್ನು ತಯಾರಿಸುವುದು ಸೂಕ್ತ ಕ್ರಮ. ದೊಡ್ಡ ಕಡತದಿಂದ ಚಿಕ್ಕದನ್ನು ಎಂದಾದರೂ ಪಡೆಯಬಹುದು. ಚಿಕ್ಕದರಿಂದ ದೊಡ್ಡದನ್ನು ಪಡೆಯಲಾಗದು.